ಅಡಿಕೆ ಸಿಪ್ಪೆ ಕಾರ್ಬನ್: ನಿಕಲ್ ಫೋಮ್ ಮೇಲೆ 611, ಸೆಲ್ ಒಳಗೆ 31. ಎಲ್ಲಿ ತಪ್ಪಿದೆ?

ಸಿಪ್ಪೆಗುಡ್ಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಕೊನೇ ಸೆಮಿಸ್ಟರ್. ಪ್ರಾಜೆಕ್ಟು ಅಡಿಕೆ ಸಿಪ್ಪೆಯಿಂದ ಸೂಪರ್‌ಕೆಪ್ಯಾಸಿಟರ್ ಎಲೆಕ್ಟ್ರೋಡ್ ಮಾಡೋದು. ಸೂಪರ್‌ಕೆಪ್ಯಾಸಿಟರ್ ಅಂದರೆ ಚಾರ್ಜನ್ನು ಬೇಗ ಹಿಡಿದು ಬೇಗ ಬಿಡೋ ಸಾಧನ. ವಿಷಯ ನಾನೇ ಆರಿಸಿಕೊಂಡಿದ್ದು. ಊರು ತೀರ್ಥಹಳ್ಳಿ ಕಡೆ, ಕಚ್ಚಾಮಾಲಿಗೆ ಒಂದು ರೂಪಾಯಿ ಖರ್ಚಿಲ್ಲ. ಸುಲಿತ ಮುಗಿದ ಮೇಲೆ ಮನೆ ಹಿಂದೆ ಸಿಪ್ಪೆ ಗುಡ್ಡೆ ಬೀಳತ್ತೆ. ಒಂದಷ್ಟು ತೋಟದ ಬುಡಕ್ಕೆ, ಒಂದಷ್ಟು ಬಚ್ಚಲ ಒಲೆಗೆ, ಉಳಿದದ್ದು ಮಳೆಗೆ ಕೊಳೆಯತ್ತೆ.

ಮಾಡಿದ್ದು ಇಷ್ಟು. ಸಿಪ್ಪೆ ತೊಳೆದು ಒಣಗಿಸಿ ಪುಡಿ ಮಾಡಿ ನೈಟ್ರೋಜನ್‌ನಲ್ಲಿ 450 ಡಿಗ್ರಿಗೆ ಸುಟ್ಟು ಇದ್ದಿಲು ಮಾಡಿದೆ. ಇದ್ದಿಲಿನ ಮೂರು ಪಟ್ಟು ತೂಕದ ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕ್ಷಾರ) ಬೆರೆಸಿ 750 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್, ಆಮೇಲೆ ಪಿಎಚ್ 7 ಬರೋವರೆಗೆ ನೀರು. ಎರಡು ದಿನ ಬರೀ ತೊಳೆದಿದ್ದೇ ಕೆಲಸ. 100 ಗ್ರಾಂ ಒಣ ಸಿಪ್ಪೆಗೆ ಕೊನೆಗೆ ಕೈಗೆ ಬಂದಿದ್ದು 11 ಗ್ರಾಂ. ಬಿಇಟಿ (ರಂಧ್ರಗಳನ್ನೂ ಸೇರಿಸಿ ಮೇಲ್ಮೈ ಅಳೆಯೋ ಪರೀಕ್ಷೆ) ಮಾಡಿಸಿದ್ದೀನಿ, ಗ್ರಾಂಗೆ 1180 ಚದರ ಮೀಟರ್.

ಎಲೆಕ್ಟ್ರೋಡ್: ಕಾರ್ಬನ್, ಕಾರ್ಬನ್ ಬ್ಲ್ಯಾಕ್, ಪಿವಿಡಿಎಫ್ ಅಂಟು 80:10:10, ಎನ್‌ಎಂಪಿ ದ್ರಾವಕದಲ್ಲಿ ಕಲಸಿ ಒಂದು ಚದರ ಸೆಂಟಿಮೀಟರ್ ನಿಕಲ್ ಫೋಮ್ (ಸ್ಪಂಜಿನಂಥ ನಿಕಲ್ ಲೋಹ) ಮೇಲೆ ಬಳಿದೆ. ಕಾರ್ಬನ್ ತೂಕ 0.8 ಮಿ.ಗ್ರಾಂ. 6 ಮೋಲಾರ್ ಕೆಓಎಚ್, ಮೂರು ಎಲೆಕ್ಟ್ರೋಡ್ ವ್ಯವಸ್ಥೆ, ರೆಫರೆನ್ಸ್ (ವೋಲ್ಟೇಜ್ ಅಳೆಯೋಕೆ ಆಧಾರದ ಎಲೆಕ್ಟ್ರೋಡ್) ಸಿಲ್ವರ್-ಸಿಲ್ವರ್ ಕ್ಲೋರೈಡ್. ವಿಂಡೋ (ಓಡಿಸೋ ವೋಲ್ಟೇಜ್ ವ್ಯಾಪ್ತಿ) 0ರಿಂದ 0.45 ವೋಲ್ಟ್, ಲ್ಯಾಬಿನ ಸೀನಿಯರ್ ಒಬ್ಬರು ನಿಕಲ್ ಕೋಬಾಲ್ಟ್ ಆಕ್ಸೈಡಿಗೆ ಅದನ್ನೇ ಇಟ್ಟಿದ್ದರು, ಅದನ್ನೇ ಇಟ್ಟೆ. ಗ್ರಾಂಗೆ 1 ಆಂಪಿಯರ್ ಕರೆಂಟಿನಲ್ಲಿ ಡಿಸ್ಚಾರ್ಜ್ ಆಗೋಕೆ 275 ಸೆಕೆಂಡ್ ಹಿಡೀತು. ಲೆಕ್ಕ ಹಾಕಿದರೆ ಗ್ರಾಂಗೆ 611 ಫ್ಯಾರಡ್! ಗೈಡ್ ಖುಷಿಯಾಗಿ ಪೇಪರ್ ಬರಿಯೋಕೆ ಕೂತ್ಕೋ ಅಂದರು.

ಮೊನ್ನೆ ಅದೇ ಪುಡಿಯಿಂದ ಕಾಯಿನ್ ಸೆಲ್ ಮಾಡಿದೆ. ಫೋಮ್ ಖಾಲಿಯಾಗಿತ್ತು, ಸ್ಟೀಲ್ ಜಾಲರಿ ಮೇಲೆ ಬಳಿದೆ. ಎರಡೂ ಕಡೆ ಒಂದೇ ಥರದ ಎಲೆಕ್ಟ್ರೋಡ್, ಒಂದೊಂದರಲ್ಲಿ 4 ಮಿ.ಗ್ರಾಂ, 0ರಿಂದ 1 ವೋಲ್ಟ್. ಎರಡೂ ಕಡೆಯ ತೂಕ ಸೇರಿಸಿ ಲೆಕ್ಕ ಹಾಕಿದರೆ ಗ್ರಾಂಗೆ 31 ಫ್ಯಾರಡ್. ಮೂರು ಸೆಲ್ ಮಾಡಿದೆ, ಮೂರೂ ಅಷ್ಟೇ. 611 ಎಲ್ಲಿ, 31 ಎಲ್ಲಿ?

ಸಿವಿ (ವೋಲ್ಟೇಜ್ ಏರಿಸಿ ಇಳಿಸಿ ಕರೆಂಟ್ ಅಳೆದ ಗ್ರಾಫ್) ಚಿತ್ರ ಇಲ್ಲಿ ಹಾಕೋಕೆ ಆಗ್ತಿಲ್ಲ. ಫೋಮ್ ಮೇಲಿನದು ಹೀಗಿದೆ: ಮೇಲೆ ಹೋಗುವಾಗ 0.35ರ ಹತ್ತಿರ ಒಂದು ಗುಡ್ಡ, ವಾಪಸ್ ಬರುವಾಗ 0.2ರ ಹತ್ತಿರ ಒಂದು ಹಳ್ಳ. ಸೆಲ್ಲಿನದು ಮಾತ್ರ ಚೌಕಾಕಾರ.

ಸೆಲ್ ಜೋಡಿಸೋದರಲ್ಲಿ ಏನು ತಪ್ಪು ಮಾಡ್ತಿರಬಹುದು? ಮ್ಯಾಂಗನೀಸ್ ಡೈಆಕ್ಸೈಡ್ ಸೇರಿಸಿದರೆ ಸುಧಾರಿಸುತ್ತಾ? ಇನ್ನೊಂದು, ಅಪ್ಪ ದಿನಾ ಫೋನ್ ಮಾಡಿ "ಸಿಪ್ಪೆಗೆ ರೇಟು ಬರತ್ತೇನೋ" ಅಂತ ಕೇಳ್ತಾರೆ. ಅವರಿಗೆ ಏನು ಹೇಳಲಿ?

ನ್ಯಾನೋಪ್ರಿಯ:

ಕಾಯಿನ್ ಸೆಲ್ ಕ್ರಿಂಪಿಂಗ್ (ಒತ್ತಿ ಮುಚ್ಚೋ) ಪ್ರೆಷರ್ ಕಡಿಮೆ ಆಗಿರತ್ತೆ, ಕಾಂಟ್ಯಾಕ್ಟ್ ಸರಿ ಇರಲ್ಲ. ನನಗೂ ಹಾಗೇ ಆಗಿತ್ತು. ಜೊತೆಗೆ 5 ಪರ್ಸೆಂಟ್ ಗ್ರಾಫೀನ್ ಸೇರಿಸಿ. ಗ್ರಾಫೀನಿಗೆ ಥಿಯರಿ ಪ್ರಕಾರ 550 ಫ್ಯಾರಡ್ ಇದೆ. 611 ಬಂದಿದೆಯಲ್ಲ, ಕಂಗ್ರಾಟ್ಸ್.

ಹಳೇ ಕುಲುಮೆ:

ಸಿಪ್ಪೆಗುಡ್ಡೆ ಅವರೇ, ನಿಮ್ಮ ಸೆಲ್ ಸರಿಯಾಗೇ ಇದೆ. ಕೆಟ್ಟಿರೋದು 611.

ಮೇಲೆ ನ್ಯಾನೋಪ್ರಿಯ ಅವರು ತಮಗೇ ಗೊತ್ತಿಲ್ಲದೆ ಸುಳಿವು ಕೊಟ್ಟಿದ್ದಾರೆ ನೋಡಿ. ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಹಾಳೆ. ಅದರ ಎರಡೂ ಮೈ ಪೂರ್ತಿ ತೆರೆದುಕೊಂಡಿದೆ ಅಂತ ಇಟ್ಟುಕೊಂಡರೂ ಲೆಕ್ಕದ ಮಿತಿ ಗ್ರಾಂಗೆ ಸುಮಾರು 550. ಬಚ್ಚಲ ಒಲೆಗೆ ಹೋಗಬೇಕಿದ್ದ ಸಿಪ್ಪೆ ಅದನ್ನೂ ದಾಟಿತು ಅಂದಾಗಲೇ ಪೆನ್ನು ಕೆಳಗಿಡಬೇಕಿತ್ತು.

ಮೊದಲು 31ರ ಮರ್ಯಾದೆ ಉಳಿಸೋಣ. ಸೆಲ್ಲಿನಲ್ಲಿ ಎರಡು ಎಲೆಕ್ಟ್ರೋಡ್ ಒಂದರ ಹಿಂದೆ ಒಂದು ಕೂತಿವೆ, ಅಂದರೆ ಸೀರೀಸ್. ಒಂದೇ ಅಳತೆಯ ಎರಡು ಕೆಪ್ಯಾಸಿಟರ್ ಸೀರೀಸ್‌ನಲ್ಲಿ ಇಟ್ಟರೆ ಸಿಗೋದು ಅರ್ಧ. ಆ ಅರ್ಧವನ್ನು ನೀವು ಎರಡು ಪಟ್ಟು ತೂಕದಿಂದ ಭಾಗಿಸಿದ್ದೀರಿ, ಕಾಲು ಆಯಿತು. ಹಾಗಾಗಿ ಒಂದು ಎಲೆಕ್ಟ್ರೋಡಿನ ಲೆಕ್ಕಕ್ಕೆ ನಾಲ್ಕರಿಂದ ಗುಣಿಸಿ: 124. ಈಗ ನಿಮ್ಮ ಬಿಇಟಿ ಪಕ್ಕದಲ್ಲಿಟ್ಟು ನೋಡಿ. 1180 ಚದರ ಮೀಟರಿಗೆ 124 ಫ್ಯಾರಡ್, ಅಂದರೆ ಚದರ ಸೆಂಟಿಮೀಟರಿಗೆ 10.5 ಮೈಕ್ರೋಫ್ಯಾರಡ್. ಇಂಗಾಲದ ಮೇಲ್ಮೈಯ ಎರಡು ಪದರ (ಮೈಯ ಚಾರ್ಜು, ಅದಕ್ಕೆ ಎದುರಾಗಿ ನಿಂತ ಅಯಾನುಗಳು) ಹಿಡಿಯೋದು 5ರಿಂದ 20ರ ಒಳಗೇ ಇರತ್ತೆ, ಎಲ್ಲಿಯ ಇಂಗಾಲ ತಂದರೂ. 611ಕ್ಕೆ ಅದೇ ಲೆಕ್ಕ ಹಾಕಿದರೆ 52 ಬರತ್ತೆ. ಬರೋಕೆ ಸಾಧ್ಯ ಇಲ್ಲ.

ಹಾಗಾದರೆ ಉಳಿದ ಚಾರ್ಜ್ ಯಾರದ್ದು? ನಿಕಲ್ಲಿನದ್ದು. ನಿಮ್ಮ ಕರೆಂಟ್ 0.8 ಮಿಲಿಆಂಪಿಯರ್, 275 ಸೆಕೆಂಡ್, ಒಟ್ಟು 220 ಮಿಲಿಕೂಲಂಬ್. ಫೋಮ್ ಸಾಮಾನ್ಯವಾಗಿ ಚದರ ಮೀಟರಿಗೆ 350 ಗ್ರಾಂ ಇರೋದು, ನಿಮ್ಮ ತುಂಡಿನಲ್ಲಿ 35 ಮಿ.ಗ್ರಾಂ ನಿಕಲ್. ಕೆಓಎಚ್‌ನಲ್ಲಿ ಅದರ ಮೈ ಹೈಡ್ರಾಕ್ಸೈಡ್ ಆಗತ್ತೆ, ಆ ಹೈಡ್ರಾಕ್ಸೈಡ್ ಒಂದೊಂದು ಎಲೆಕ್ಟ್ರಾನ್ ಕೊಟ್ಟು ತೊಗೊಂಡು ಮಾಡತ್ತೆ. ನಿಮ್ಮ 220 ಮಿಲಿಕೂಲಂಬ್ ಪೂರ್ತಿ ತುಂಬಿಸೋಕೆ 35 ಮಿ.ಗ್ರಾಂನಲ್ಲಿ ಬರೀ 0.13 ಮಿ.ಗ್ರಾಂ ನಿಕಲ್ ಕೆಲಸ ಮಾಡಿದರೆ ಸಾಕು. ಗಾಡಿ ಎಳೆದದ್ದು ಎತ್ತು, ಹೆಸರು ಬಂದದ್ದು ಅದರ ಬೆನ್ನ ಮೇಲೆ ಕೂತಿದ್ದ ನೊಣಕ್ಕೆ. ನೀವು ಹೇಳಿದ ಗುಡ್ಡ ಮತ್ತು ಹಳ್ಳ ನಿಕಲ್ಲಿನ ಸಹಿ. ಇಂಗಾಲದ ಸಿವಿಗೆ ಕೋಡು ಇರಲ್ಲ, ನಿಮ್ಮ ಸೆಲ್ಲಿನಲ್ಲಿ ಬಂದಿರೋ ಹಾಗೆ ಚೌಕವಾಗಿ ಇರತ್ತೆ.

ಇದನ್ನು ದೊಡ್ಡವಳಾಗಿ ಹೇಳ್ತಿಲ್ಲ, ನಾನೂ ಅದೇ ಹೊಂಡಕ್ಕೆ ಬಿದ್ದವಳು. ಪಿಎಚ್‌ಡಿ ಎರಡನೇ ವರ್ಷ ಕೋಬಾಲ್ಟ್ ಆಕ್ಸೈಡ್ ಮಾಡ್ತಿದ್ದೆ. ಒಂದೇ ಪುಡಿ ಒಂದು ದಿನ 480 ಕೊಡೋದು, ಇನ್ನೊಂದು ದಿನ 900, ಒಂದು ಸಲ 1240. ಯಾವುದು ದೊಡ್ಡದೋ ಅದು ನಿಜ ಅಂತ ನಂಬಿದ್ದೆ. ಉಳಿದವು ನನ್ನ ಕೈ ಸರಿ ಇಲ್ಲದ್ದಕ್ಕೆ ಅಂತ. ಆಮೇಲೆ ಜೂನಿಯರ್ ಹುಡುಗಿ ಒಬ್ಬಳು ಎರಡು ಫೈಲಿನ ಹೆಸರು ಅದಲುಬದಲು ಮಾಡಿಬಿಟ್ಟಳು. ಹದಿನೈದು ದಿನ ನಾನು ಏನೂ ಬಳಿಯದ ಖಾಲಿ ಫೋಮಿನ ಗ್ರಾಫನ್ನೇ ನನ್ನ ವಸ್ತುವಿನದು ಅಂತ ಮೀಟಿಂಗಿನಲ್ಲಿ ತೋರಿಸಿದೀನಿ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ನನಗೂ. ಗೊತ್ತಾದ ದಿನ ಅವಳಿಗೆ ಬೈದೆ. ಬೈಬಾರದಿತ್ತು. ಏರಿಳಿತದ ಗುಟ್ಟು ಇಷ್ಟೇ ಇತ್ತು: ಬಳಿಯೋ ಮೊದಲು ಫೋಮನ್ನು ಆಸಿಡ್‌ನಲ್ಲಿ ಎಷ್ಟು ಹೊತ್ತು ಮರೆತಿರ್ತಿದ್ದೆನೋ ಅಷ್ಟು ಅದರ ಮೈ ಒರಟಾಗ್ತಿತ್ತು, ಅಷ್ಟು ಫ್ಯಾರಡ್ ಏರೋದು.

ಮೇಲಾಗಿ ನಿಕಲ್ ಹೈಡ್ರಾಕ್ಸೈಡನ್ನು ಫ್ಯಾರಡ್‌ನಲ್ಲಿ ಅಳೆಯೋದೇ ತಪ್ಪು. ಅದು ಬ್ಯಾಟರಿ ವಸ್ತು. ನಿಕಲ್-ಕ್ಯಾಡ್ಮಿಯಂ ಸೆಲ್ಲಿನಲ್ಲಿ ಇರೋದು ಅದೇ. ಗ್ರಾಂಗೆ 289 ಮಿಲಿಆಂಪಿಯರ್-ಗಂಟೆ ಅಂತ ಹೇಳಬೇಕು. ಅದನ್ನೇ ಕೂಲಂಬ್‌ಗೆ ತಂದರೆ 1040. ಅರ್ಧ ವೋಲ್ಟಿನ ವಿಂಡೋದಿಂದ ಭಾಗಿಸಿದರೆ 2080 ಫ್ಯಾರಡ್. ವಿಂಡೋ 0.4ಕ್ಕೆ ಇಳಿಸಿ, 2600. ವಸ್ತು ಅದೇ, ಚಾರ್ಜ್ ಅದೇ, ಕಿಟಕಿ ಕಿರಿದಾದಷ್ಟೂ ಅಂಕಿ ದೊಡ್ಡದು. ಸಾವಿರ ದಾಟಿದ ಫ್ಯಾರಡ್ ಪೇಪರುಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ. ಹುಸಿ-ಕೆಪ್ಯಾಸಿಟನ್ಸ್ ಅನ್ನೋ ಮಾತು ನಿಜವಾಗಿ ಸಲ್ಲೋದು ರುಥೇನಿಯಂ ಆಕ್ಸೈಡಿನಂಥದಕ್ಕೆ. 1971ರಲ್ಲಿ ತ್ರಸಾತ್ತಿ ಮತ್ತು ಬುಝಾಂಕಾ ಅದರ ಸಿವಿ ಚೌಕವಾಗಿ ಬರೋದು ನೋಡಿದರು: ಒಳಗೆ ನಡೆಯೋದು ರಾಸಾಯನಿಕ ಕ್ರಿಯೆ, ಹೊರಗೆ ಕಾಣೋದು ಕೆಪ್ಯಾಸಿಟರ್. ಬೆಲೆ ಕೇಳಬೇಡಿ. 1999ರಲ್ಲಿ ಲೀ ಮತ್ತು ಗುಡ್‌ಇನಫ್ ಅಗ್ಗದ ಮ್ಯಾಂಗನೀಸ್ ಡೈಆಕ್ಸೈಡೂ ಹಾಗೆ ನಡಕೊಳ್ಳತ್ತೆ ಅಂತ ತೋರಿಸಿದರು (ಹೌದು, ಲಿಥಿಯಂ ಬ್ಯಾಟರಿಗೆ ನೊಬೆಲ್ ಬಂತಲ್ಲ, ಅದೇ ಗುಡ್‌ಇನಫ್).

ನಿಮ್ಮ ಮ್ಯಾಂಗನೀಸ್ ಪ್ರಶ್ನೆಗೆ ಉತ್ತರ: ಈಗ ಬೇಡ. ಪುಸ್ತಕದ ಮಿತಿ 1370 ಫ್ಯಾರಡ್ ಇದೆ, ಆದರೆ ಅದು ನ್ಯಾನೋಮೀಟರ್ ದಪ್ಪದ ಪೊರೆಗೆ. ಆಕ್ಸೈಡ್ ವಿದ್ಯುತ್ ಸರಿಯಾಗಿ ಹರಿಸಲ್ಲ, ದಪ್ಪ ಬಳಿದ ಕೂಡಲೇ 150-250ಕ್ಕೆ ಬಂದು ಕೂರತ್ತೆ. ಸಿಪ್ಪೆಯ ಕಥೆ ಮೊದಲು ಮುಗಿಸಿ.

ಮಾಡಬೇಕಾದ್ದು: ನಾಳೆ ಎಲ್ಲಕ್ಕಿಂತ ಮೊದಲು ಖಾಲಿ ಫೋಮ್ ಒಂದು ಚದರ ಸೆಂಟಿಮೀಟರ್ ಕತ್ತರಿಸಿ, ಬಳಿದದ್ದಕ್ಕೆ ಮಾಡಿದ ಎಲ್ಲಾ ಉಪಚಾರ ಅದಕ್ಕೂ ಮಾಡಿ, ಅದೇ 0.8 ಮಿಲಿಆಂಪಿಯರ್‌ನಲ್ಲಿ ಓಡಿಸಿ. ಆಮೇಲೆ ಇಂಗಾಲಕ್ಕೆ ನಿಕಲ್ಲಿನ ಸಹವಾಸ ಬಿಡಿಸಿ, ಗ್ರಾಫೈಟ್ ಹಾಳೆ ಬಳಸಿ. ಲ್ಯಾಬ್ ಸಪ್ಲೈಯವರ ಹತ್ತಿರ ದುಬಾರಿ. ಕೈಗಾರಿಕಾ ಗ್ಯಾಸ್ಕೆಟ್ ಮಾರೋ ಅಂಗಡಿಯಲ್ಲಿ ಅದೇ ಹಾಳೆ ಸಿಗತ್ತೆ, ಸ್ಟೀಲ್ ಪದರ ಇಲ್ಲದ್ದು ಕೇಳಿ. ವಿಂಡೋ ಸೀನಿಯರ್‌ದು ಬಿಡಿ, ಇಂಗಾಲಕ್ಕೆ ಮೈನಸ್ 1ರಿಂದ 0. ರೆಫರೆನ್ಸ್ ಮರ್ಕ್ಯುರಿ-ಮರ್ಕ್ಯುರಿ ಆಕ್ಸೈಡ್. ಸಿಲ್ವರ್ ಕ್ಲೋರೈಡಿಗೆ 6 ಮೋಲಾರ್ ಕೆಓಎಚ್ ಆಗಿಬರಲ್ಲ, ನಿಧಾನಕ್ಕೆ ಜಾರತ್ತೆ. ತೂಕ 0.8 ಮಿ.ಗ್ರಾಂ ಅಂದಿರಿ. ನಾಲ್ಕು ಸ್ಥಾನದ ತಕ್ಕಡಿ 0.1 ಮಿ.ಗ್ರಾಂ ಕಡೆಯ ಅಂಕಿ ತೋರಿಸೋದು, ಅಲ್ಲೇ 12 ಪರ್ಸೆಂಟ್ ಆಚೀಚೆ. ಕಂಪನಿಗಳು ಚದರ ಸೆಂಟಿಮೀಟರಿಗೆ ಸುಮಾರು 10 ಮಿ.ಗ್ರಾಂ ಬಳೀತಾರೆ, ನೀವು ಐದಾರಾದರೂ ಬಳೀರಿ.

ಮತ್ತೆ, ಕುಲುಮೆ ಪೂರ್ತಿ ತಣ್ಣಗಾಗದೆ ಬಾಗಿಲು ತೆಗೀಬೇಡಿ. 750 ಡಿಗ್ರಿಯಲ್ಲಿ ಕೆಓಎಚ್ ಇಂಗಾಲವನ್ನು ತಿಂದು ಪೊಟ್ಯಾಸಿಯಂ ಲೋಹ ಬಿಡತ್ತೆ. ಗಾಳಿಯ ತೇವ ತಾಗಿದರೆ ಕಿಡಿ. ಪಿಂಗಾಣಿ ಕ್ರೂಸಿಬಲ್ ಇಟ್ಟಿದ್ದರೆ ಅದರ ಒಳಮೈ ನೋಡಿ, ಅದನ್ನೂ ತಿಂದಿರತ್ತೆ. ನಿಕಲ್ ದೋಣಿಗೆ ಹಾಕಿ. ನಿಕಲ್ಲಿಗೆ ಇಲ್ಲಿ ಮರ್ಯಾದೆ ಇದೆ.

ಹುಬ್ಬಳ್ಳಿ ಸ್ಟಾರ್ಟರ್:

ನಾ ಕೆಮಿಸ್ಟ್ರಿ ಓದಿದಾಂವ ಅಲ್ರಿ, ಇನ್ವರ್ಟರ್-ಬ್ಯಾಟರಿ ಅಂಗಡಿ ಅದ. ಆದ್ರ ಈ ಡಬ್ಬಿ ದಿನಾ ಕೈಯಾಗ ಹಿಡೀತೇನಿ, ಅದಕ್ಕ ಎರಡ ಮಾತ.

3000 ಫ್ಯಾರಡ್, 2.7 ವೋಲ್ಟಿನ ಒಂದ್ ಸೆಲ್ಲು ಅರ್ಧ ಕಿಲೋ ತೂಗತೈತ್ರಿ. ಅದರಾಗ ಹಿಡಿಯೂದು ಎಷ್ಟ? ಮೂರ್ ವ್ಯಾಟ್-ಅವರ್. ನಿಮ್ಮ ಕಿಸೆದಾಗಿನ ಫೋನಿನ ಬ್ಯಾಟರಿ ಅದರ ಆರ್ ಪಟ್ಟು ಹಿಡಿತೈತಿ. ಮಂದಿ ಫ್ಯಾರಡ್ ಕೇಳಿ ಬೆರಗಾಗಿ ತೊಗೊಂಡ ಹೋಗ್ತಾರ, ಮನಿ ಲೈಟು ಹತ್ತ್ ನಿಮಿಷಕ್ಕ ಆರಿತು ಅಂತ ವಾಪಸ್ ಬರ್ತಾರ. ಅದರ ಕೆಲಸ ಬ್ಯಾರೆ. ಒಳಗಿನ ರೆಸಿಸ್ಟನ್ಸ್ 0.3 ಮಿಲಿಓಮ್ ಅಷ್ಟ. ಆರ್ ಸೆಲ್ ಸಾಲಾಗಿ ಕಟ್ಟಿ ಟ್ರ್ಯಾಕ್ಟರಿಗೆ ಕೊಟ್ರ, ಬ್ಯಾಟರಿ ಸತ್ತಿದ್ರೂ ಎಂಜಿನ್ ಒದ್ದು ಎಬ್ಬಸ್ತೈತಿ.

ಒಮ್ಮೆ ಬ್ಯಾಲೆನ್ಸಿಂಗ್ ಬೋರ್ಡ್ (ಎಲ್ಲಾ ಸೆಲ್ಲಿನ ವೋಲ್ಟೇಜ್ ಸಮ ಇಡೂದು) ಇಲ್ದ ಕಟ್ಟಿ ಕೊಟ್ಟಿದ್ದೆ. ಒಂದ್ ಸೆಲ್ 3 ವೋಲ್ಟ್ ದಾಟಿ ಉಬ್ಬಿ, ವಾಸನಿಗೆ ಅಂಗಡಿ ಮುಚ್ಚಿ ಹೊರಗ ಕುಂತಿದ್ದೆ ಅರ್ಧಾ ದಿನ.

ಅದಕ್ಕ ತಮ್ಮಾ, ನಂಗ ನಿನ್ನ ಗ್ರಾಂ ಲೆಕ್ಕ ಬ್ಯಾಡ. ಎರಡ ಹೇಳು: ನಿನ್ನ ಸೆಲ್ಲಿನ ಇಎಸ್ಆರ್ (ಒಳಗಿನ ರೆಸಿಸ್ಟನ್ಸ್) ಎಷ್ಟ? ಚಾರ್ಜ್ ಮಾಡಿ ಒಂದ್ ರಾತ್ರಿ ಬಿಟ್ರ ಮುಂಜಾನಿ ವೋಲ್ಟೇಜ್ ಎಷ್ಟ ಉಳದಿರತೈತಿ?

ಹಳೇ ಕುಲುಮೆ:

ಸ್ಟಾರ್ಟರ್ ಅಣ್ಣಾವ್ರು ಕೇಳಿದ ಎರಡು ಪ್ರಶ್ನೆ ನಮ್ಮ ವೈವಾದಲ್ಲಿ ಯಾರೂ ಕೇಳಲ್ಲ, ಅದೇ ಬೇಜಾರು. ಅವರು ಹೇಳಿದ ಮೂರು ವ್ಯಾಟ್-ಗಂಟೆಗೂ ನಿಮ್ಮ ಸೆಲ್ಲಿಗೂ ನಡುವೆ ಇರೋದು ಇಂಗಾಲ ಅಷ್ಟೇ ಅಲ್ಲ, ವೋಲ್ಟೇಜು. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ. ನೀರಿನ ಕೆಓಎಚ್‌ನಲ್ಲಿ 1 ವೋಲ್ಟು. ಅವರ ಡಬ್ಬಿಯಲ್ಲಿ ಅಸಿಟೋನೈಟ್ರೈಲ್ ಇದೆ, 2.7. ಅಲ್ಲೇ ಏಳು ಪಟ್ಟು. ವಾಸನೆ ಬಂದದ್ದೂ ಅದರದ್ದೇ. ಅಣ್ಣಾ, ಅದು ವಿಷ, ಹೊರಗೆ ಕೂತಿದ್ದು ಒಳ್ಳೇದಾಯ್ತು.

ಇನ್ನು ನಿಮ್ಮ ಅಪ್ಪನ ಪ್ರಶ್ನೆ. ಉಳಿದೆಲ್ಲಕ್ಕಿಂತ ಅದು ಕಷ್ಟದ್ದು. ಮಾರುಕಟ್ಟೆಯ ಸೂಪರ್‌ಕೆಪ್ಯಾಸಿಟರ್ ಬಿಚ್ಚಿದರೆ ಒಳಗೆ ಗ್ರಾಫೀನೂ ಇಲ್ಲ, ಕೋಬಾಲ್ಟೂ ಇಲ್ಲ. ಬಹುಪಾಲು ಇರೋದು ತೆಂಗಿನ ಕರಟದ ಇಂಗಾಲ. ಜಪಾನಿನ ಕುರಾರೆ ಕಂಪನಿ ಮಾರೋ ಹೆಸರಾಂತ ಪುಡಿ ಕರಟದ್ದೇ. ಗಿಡದ ಕಸ ಅನ್ನೋ ಕಾರಣಕ್ಕೆ ಯಾರೂ ಬೇಡ ಅನ್ನಲ್ಲ. ಆದರೆ ಕರಟ ಗಟ್ಟಿ, ಅದರ ಇದ್ದಿಲೂ ಗಟ್ಟಿ, ಹಬೆ ಹಾಯಿಸಿಯೇ ರಂಧ್ರ ತೆಗೀತಾರೆ. ಸಿಪ್ಪೆ ನಾರು, ಇದ್ದಿಲು ಹತ್ತಿಯ ಹಾಗೆ ಉಬ್ಬಿಕೊಂಡಿರತ್ತೆ. ಗ್ರಾಂ ಲೆಕ್ಕದಲ್ಲಿ ಸರಿಸಮ ಬಂದರೂ ಡಬ್ಬಿಯಲ್ಲಿ ಜಾಗ ಜಾಸ್ತಿ ತಿನ್ನತ್ತೆ, ಎಲೆಕ್ಟ್ರೋಲೈಟೂ ಜಾಸ್ತಿ ಕುಡಿಯತ್ತೆ. ಜೊತೆಗೆ ನಿಮ್ಮ ಹಾದಿಯಲ್ಲಿ ಕೆಓಎಚ್ ಖರ್ಚು ನೋಡಿ. 100 ಗ್ರಾಂ ಸಿಪ್ಪೆಗೆ ಇದ್ದಿಲು 30 ಗ್ರಾಂ ಬಂತು ಅಂತಿಟ್ಟುಕೊಳ್ಳಿ, ಕೆಓಎಚ್ 90 ಗ್ರಾಂ. 11 ಗ್ರಾಂ ಪುಡಿಗೆ 90 ಗ್ರಾಂ ಕ್ಷಾರ, ಮೇಲೆ ಎರಡು ದಿನದ ನೀರು.

ಗಿರಾಕಿಯೇ ಇಲ್ಲ ಅಂತಲೂ ಅಲ್ಲ. ಕಣ್ಣೂರಿನಲ್ಲಿ ಕೇರಳ ಸರ್ಕಾರದ ಕೆಲ್ಟ್ರಾನ್‌ನವರು 2024ರಲ್ಲಿ ಇಸ್ರೋ ತಂತ್ರಜ್ಞಾನದಿಂದ ಸೂಪರ್‌ಕೆಪ್ಯಾಸಿಟರ್ ಮಾಡೋ ಘಟಕ ಶುರು ಮಾಡಿದರು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎ.ಕೆ. ಶುಕ್ಲಾ ಅವರ ಗುಂಪು ಒಂದು ಕಡೆ ಸೀಸದ ಆಕ್ಸೈಡು, ಇನ್ನೊಂದು ಕಡೆ ಇಂಗಾಲ ಇಟ್ಟು ಹೈಬ್ರಿಡ್ ಮಾಡಿತ್ತು. ಬ್ಯಾಟರಿ ವಸ್ತುವನ್ನು ಬ್ಯಾಟರಿ ಅಂತಲೇ ಒಪ್ಪಿಕೊಂಡು ಇಂಗಾಲಕ್ಕೆ ಜೋಡಿ ಮಾಡೋ ದಾರಿ ಅದು. ನಿಮ್ಮ ನಿಕಲ್ ಫೋಮಿಗೂ ಅಲ್ಲಿ ಕೆಲಸ ಸಿಗಬಹುದು, ಕದ್ದು ಮಾಡದೆ. ಅಪ್ಪನಿಗೆ ಈ ವರ್ಷದ ಸಿಪ್ಪೆ ತೋಟಕ್ಕೇ ಹಾಕೋಕೆ ಹೇಳಿ.

ಸಿಪ್ಪೆಗುಡ್ಡೆ:

ಅಕ್ಕಾ (ಹಾಗೆ ಕರೀಬಹುದಲ್ವಾ), ಹೊಸ ಫೋಮ್ ಬರೋಕೆ ಐದು ದಿನ ಆಯ್ತು. ಖಾಲಿ ಫೋಮ್ ಓಡಿಸಿದೆ. ಕಾರ್ಬನ್ ಒಂದು ಚೂರೂ ಇಲ್ಲದೆ 0.8 ಮಿಲಿಆಂಪಿಯರ್‌ನಲ್ಲಿ 198 ಸೆಕೆಂಡ್ ಹಿಡೀತು. ಅದೇ ಗುಡ್ಡ, ಅದೇ ಹಳ್ಳ. ಸ್ವಲ್ಪ ಹೊತ್ತು ಕುರ್ಚಿ ಮೇಲೇ ಕೂತಿದ್ದೆ. 275ರಲ್ಲಿ 198 ಕಳೆದರೆ 77 ಸೆಕೆಂಡ್, ಅಂದರೆ 171 ಫ್ಯಾರಡ್. ಪೇಪರಿನಲ್ಲಿ ಹೀಗೆ ಕಳೆದು ಬರೆದರೆ ನಡೆಯತ್ತಾ?

ಗ್ರಾಫೈಟ್ ಹಾಳೆ ಶಿವಮೊಗ್ಗದಲ್ಲೇ ಪಂಪ್ ಗ್ಯಾಸ್ಕೆಟ್ ಅಂಗಡಿಯಲ್ಲಿ ಸಿಕ್ಕಿತು. ಏನಕ್ಕೆ ಅಂದರು, ಕರೆಂಟ್ ಹಿಡಿಯೋಕೆ ಅಂದೆ, ನಕ್ಕು ಒಂದು ಅಡಿ ತುಂಡು ಸುಮ್ಮನೆ ಕೊಟ್ಟರು. ಅದರ ಮೇಲೆ 6 ಮಿ.ಗ್ರಾಂ ಬಳಿದು ಮೈನಸ್ 1ರಿಂದ 0 ಓಡಿಸಿದರೆ 131. ಚೌಕವಾಗಿದೆ. ಖಾಲಿ ಹಾಳೆಯದ್ದೂ ಓಡಿಸಿದೆ, ಗೆರೆ ಕಾಣೋದೇ ಇಲ್ಲ.

ಸ್ಟಾರ್ಟರ್ ಅಣ್ಣಾ, ಕಾಯಿನ್ ಸೆಲ್ಲಿನಲ್ಲಿ 8 ಮಿಲಿಆಂಪಿಯರ್ ಚಾರ್ಜಿನಿಂದ ಡಿಸ್ಚಾರ್ಜಿಗೆ ತಿರುಗಿಸಿದಾಗ 32 ಮಿಲಿವೋಲ್ಟ್ ಬೀಳತ್ತೆ. ಕರೆಂಟ್ ಒಟ್ಟು ಬದಲಾಗೋದು 16 ಮಿಲಿಆಂಪಿಯರ್, ಅಂದರೆ 2 ಓಮ್. ರಾತ್ರಿ 1 ವೋಲ್ಟಿಗೆ ಬಿಟ್ಟಿದ್ದು ಬೆಳಗ್ಗೆ 0.41.

ಹುಬ್ಬಳ್ಳಿ ಸ್ಟಾರ್ಟರ್:

2 ಓಮ್ ಇರ್ಲಿ, ಸೆಲ್ ಸಣ್ಣದು. 0.41 ಭಾಳ ಕೆಟ್ಟದ್ದು ತಮ್ಮಾ. ಇದನ್ನ ಗಿರಾಕಿಗೆ ಕೊಟ್ರ ಮರುದಿನ ಅಂಗಡಿ ಮುಂದ ನಿಂತಿರ್ತಾನ.

ಹಳೇ ಕುಲುಮೆ:

ಕಳೆದು ಬರೀಬೇಡಿ. ಫೋಮ್ ತುಂಡಿನಿಂದ ತುಂಡಿಗೆ ಬದಲಾಗತ್ತೆ, ಕಳೆಯೋ ಅಂಕಿಯೇ ನಿಲ್ಲಲ್ಲ. 131 ಬರೀರಿ, ಸೆಲ್ಲಿನ 124 ಪಕ್ಕದಲ್ಲಿ ಬರೀರಿ. ಎರಡು ಬೇರೆ ಬೇರೆ ದಾರಿಯಲ್ಲಿ ಅಳೆದು ಇಷ್ಟು ಹತ್ತಿರ ಬಂದಿವೆ, ನನಗೆ ನಿಮ್ಮ ಇಡೀ ಪ್ರಾಜೆಕ್ಟಿನಲ್ಲಿ ಅದೇ ಇಷ್ಟ ಆಯ್ತು.

0.41ಕ್ಕೆ: ಕೆಓಎಚ್‌ಗೆ ಅರ್ಧ ಗಂಟೆ ನೈಟ್ರೋಜನ್ ಹಾಯಿಸಿ ಆಮೇಲೆ ಸೆಲ್ ಕಟ್ಟಿ, ಕರಗಿರೋ ಆಕ್ಸಿಜನ್ ಚಾರ್ಜ್ ತಿನ್ನತ್ತೆ. 1 ವೋಲ್ಟ್ ಬದಲು 0.8ಕ್ಕೆ ಏರಿಸಿ ಬಿಟ್ಟು ನೋಡಿ. ಏರಿಸಿದ ತಕ್ಷಣ ಕೈಬಿಡಬೇಡಿ, ಒಂದು ಗಂಟೆ ಅದೇ ವೋಲ್ಟೇಜಿನಲ್ಲಿ ಹಿಡಿದಿಡಿ, ಒಳಗಿನ ಸಣ್ಣ ರಂಧ್ರಗಳಿಗೂ ಚಾರ್ಜ್ ಇಳೀಲಿ. ಆಸಿಡ್ ತೊಳೆತ ಇನ್ನೊಂದು ಸಲ ಮಾಡಿ, ಬಿಸಿಯಾಗಿ. ಕಬ್ಬಿಣದ ಚೂರು ಸೇರಿದ್ದರೂ ಚಾರ್ಜ್ ಸೋರತ್ತೆ. ಸಿಪ್ಪೆ ಪುಡಿ ಮಾಡಿದ್ದು ಯಾವುದರಲ್ಲಿ?

ಸಿಪ್ಪೆಗುಡ್ಡೆ:

ಮನೆ ಮಿಕ್ಸಿಯಲ್ಲಿ. ಬ್ಲೇಡು ಅರ್ಧ ಸವೆದಿದೆ, ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಬಿಸಿ ಆಸಿಡ್ ಇವತ್ತೇ ಮಾಡ್ತೀನಿ.

ಗೈಡ್‌ಗೂ ಇನ್ನೂ ಹೇಳಿಲ್ಲ. ಖಾಲಿ ಫೋಮಿನ ಗ್ರಾಫೂ 611ರ ಗ್ರಾಫೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದಿಟ್ಟುಕೊಂಡಿದ್ದೀನಿ, ಯಾವುದು ಯಾವುದು ಅಂತ ಹೆಸರು ಬರೆದಿಲ್ಲ. ನಾಳೆ ಹತ್ತು ಗಂಟೆಗೆ ಹೋಗ್ತೀನಿ.